ಬೆಟ್ಟದ ದಾರಿಯ ಓಟ

ನಾವು ಹೊಲಕ್ಕೆ ನಡೀತೀವಿ. ಮೇಕೆ ಹಿಂದೆ ನಡೀತೀವಿ. ಸೌದೆ ಹೊತ್ತು ನಡೀತೀವಿ. ಎಷ್ಟು ದೂರ ಆಯ್ತು ಅಂತ ಯಾರೂ ಲೆಕ್ಕ ಇಡೋದಿಲ್ಲ.

ದೂರವನ್ನು ಲೆಕ್ಕ ಇಡುವ ಪಂದ್ಯ ಒಂದಿದೆ. ಅದು ಕಾಲುದಾರಿಯ ಓಟ. ಬೆಟ್ಟ ಹತ್ತಬೇಕು, ಇಳಿಯಬೇಕು. ಪಕ್ಕದ ಚಿಕ್ಕಮಗಳೂರು ಜಿಲ್ಲೆಯ ಕಾಫಿ ತೋಟಗಳಲ್ಲಿ ಇಂಥ ಓಟ ನಡೆಯುತ್ತದೆ. ಅದರ ಹೆಸರು ಮಲ್ನಾಡ್ ಅಲ್ಟ್ರಾ. ಅಲ್ಲಿ 50 ಕಿಲೋಮೀಟರ್ ಓಡುವವರಿದ್ದಾರೆ. ಚಿತ್ರದುರ್ಗದಿಂದ ಹಿರಿಯೂರಿಗೆ ಹೋಗಿ, ಇನ್ನೂ ಮುಂದೆ ಹೋದಷ್ಟು ದೂರ. ಹೆಂಗಸರೂ ಓಡುತ್ತಾರೆ.

"ಹೆಂಗಸರ ಕೈಲಿ ಆಗುತ್ತಾ?" ಅಂತ ಕೇಳೋರು ಇದ್ದಾರೆ. ಹಿಂದೆ ಓದಿದವರೂ ಹಾಗೇ ಕೇಳುತ್ತಿದ್ದರು. ಅಮೆರಿಕದ ಬಾಸ್ಟನ್ ಊರಿನಲ್ಲಿ 42 ಕಿಲೋಮೀಟರ್ ಓಟ ಇದೆ. ಅದು ಗಂಡಸರಿಗೆ ಮಾತ್ರ ಎನ್ನುತ್ತಿದ್ದರು. 1967ರಲ್ಲಿ ಕ್ಯಾಥರೀನ್ ಸ್ವಿಟ್ಜರ್ ಎಂಬಾಕೆ ಅಲ್ಲಿ ಓಡಿದರು. ಅಧಿಕಾರಿಯೊಬ್ಬ ಆಕೆಯನ್ನು ಹಿಡಿದು ಎಳೆದ. ಜೊತೆಗಾರ ಅವನನ್ನು ಪಕ್ಕಕ್ಕೆ ತಳ್ಳಿದ. ಆಕೆ ಓಟ ಮುಗಿಸಿದರು. 1972ರಲ್ಲಿ ಆ ಓಟ ಹೆಂಗಸರಿಗೂ ತೆರೆಯಿತು.

ಇನ್ನೊಬ್ಬಾಕೆ ಲೊರೆನಾ ರಮಿರೆಜ್. ಮೆಕ್ಸಿಕೋ ದೇಶದ ಬೆಟ್ಟದ ಹೆಣ್ಣುಮಗಳು. ರರಾಮುರಿ ಎಂಬ ಜನಾಂಗದವರು. ಮನೆಯ ಮೇಕೆ, ದನ ಕಾಯುತ್ತಿದ್ದರು. 2017ರಲ್ಲಿ 50 ಕಿಲೋಮೀಟರ್ ಬೆಟ್ಟದ ಓಟಕ್ಕೆ ಹೋದರು. ಆಗ ಅವರಿಗೆ 22 ವರ್ಷ. ಉದ್ದ ಲಂಗ ಉಟ್ಟಿದ್ದರು. ಕಾಲಲ್ಲಿ ಬೂಟು ಇರಲಿಲ್ಲ, ಸಾದಾ ಚಪ್ಪಲಿ ಇತ್ತು. 7 ಗಂಟೆ 3 ನಿಮಿಷದಲ್ಲಿ ಓಡಿ, ಹೆಂಗಸರಲ್ಲಿ ಮೊದಲಿಗರಾದರು. ಮೇಕೆ ಹಿಂದೆ ನಡೆದ ಕಾಲು ಅದು!

ರರಾಮುರಿ ಹೆಂಗಸರು ತಮ್ಮ ಊರಲ್ಲೂ ಪಂದ್ಯ ಕಟ್ಟಿ ಓಡುತ್ತಾರೆ. ಊರವರು ಜೊತೆಗೆ ಓಡಿ ಹುರುಪು ತುಂಬುತ್ತಾರೆ. ಕತ್ತಲಾದರೆ ಬೆಳಕು ಹಿಡಿಯುತ್ತಾರೆ. ಹುರಿದ ಮೆಕ್ಕೆಜೋಳದ ಹಿಟ್ಟನ್ನು ನೀರಲ್ಲಿ ಕದಡಿ ಕುಡಿಸುತ್ತಾರೆ. ನಮ್ಮ ಹುರಿಹಿಟ್ಟು ಇದ್ದ ಹಾಗೆ.

ಎಲ್ಲ ದೂರದ ಓಟವೂ ಹೀಗೇ. ದಾರಿಯಲ್ಲಿ ನೀರು, ಉಪ್ಪು, ಬಾಳೆಹಣ್ಣು ಕೊಡುವವರು ಬೇಕು. ಬಿದ್ದವರನ್ನು ಎತ್ತುವವರು ಬೇಕು. ಓಡುವವಳು ತಾಯಿಯಾದರೆ ಮನೇಲಿ ಮಗು ನೋಡಿಕೊಳ್ಳೋರು ಬೇಕು. ಮುದ್ದೆ ತಿರುವೋರು ಬೇಕು. ಕಾಲಿಗೆ ಶಕ್ತಿ ಇದ್ದರೆ ಸಾಲದು, ಮನೆಯವರ ಒತ್ತಾಸೆಯೂ ಬೇಕು.

ನಾಳೆ ಹಿರೇಗುಂಟನೂರಿನ ಹುಡುಗಿಯೊಬ್ಬಳು, "ಅವ್ವಾ, ನಾನೂ ಓಟದ ಪಂದ್ಯಕ್ಕೆ ಹೋಗ್ತೀನಿ" ಅನ್ನಬಹುದು. "ಪಾತ್ರೆ ಯಾರು ತೊಳೀತಾರೆ?" ಅಂತ ಕೇಳೋದು ಸುಲಭ. "ಹೋಗಿ ಬಾ ಮಗಳೇ, ಇವತ್ತು ಅಣ್ಣ ತೊಳೀತಾನೆ" ಅನ್ನೋಣ.

ಮಾತಾಡೋಣ

1. ದಿನಕ್ಕೆ ನೀವು ಎಷ್ಟು ದೂರ ನಡೀತೀರಿ? ಲೆಕ್ಕ ಹಾಕಿ ಬರೆಯಿರಿ.
2. ಲೊರೆನಾ ಓಟಕ್ಕೆ ಏನು ಉಟ್ಟಿದ್ದರು?
3. ನಿಮ್ಮ ಮಗಳು ಆಟಕ್ಕೆ ಹೋದರೆ ಅವಳ ಕೆಲಸ ಯಾರು ಹಂಚಿಕೊಳ್ತಾರೆ?