ಹೊಂಗೆ: ಲೀಟರ್ ಲೆಕ್ಕಕ್ಕೆ ಸಿಗದ ಮರ

ಬೇಸಿಗೆಯಲ್ಲಿ ಬೈಕ್ ನಿಲ್ಲಿಸೋಕೆ ನಾವೆಲ್ಲ ಹುಡುಕೋದು ಹೊಂಗೆ ನೆರಳನ್ನೇ. ಯುಗಾದಿ ಹೊತ್ತಿಗೆ ಮರ ಚಿಗುರುತ್ತದೆ, ತಿಳಿನೇರಳೆ ಹೂವು ಬಿಡುತ್ತದೆ, ಜೇನು ಮುತ್ತುತ್ತದೆ. ಕಾಯಿ ಬಲಿತು ಒಣಗೋದು ಮುಂದಿನ ಬೇಸಿಗೆಯ ಹೊತ್ತಿಗೆ. ಒಳಗೆ ಸಾಮಾನ್ಯವಾಗಿ ಒಂದೇ ಬೀಜ.

ಬೀಜದಲ್ಲಿ ಸುಮಾರು 30% ಎಣ್ಣೆ. ಗಾಣದಲ್ಲಿ ಅಷ್ಟೂ ಬರಲ್ಲ. 4 ಕೆಜಿ ಬೀಜಕ್ಕೆ ಹೆಚ್ಚುಕಡಿಮೆ 1 ಲೀಟರ್. ಕಹಿ, ತಿನ್ನೋಕಾಗಲ್ಲ. ಹಿಂದೆ ದೀಪಕ್ಕೆ, ಕಜ್ಜಿಗೆ ಬಳಸುತ್ತಿದ್ದರು. ತಿನ್ನೋಕಾಗದ್ದೇ ಇಂಧನಕ್ಕೆ ಅನುಕೂಲ: ಅಡುಗೆಮನೆ ಜೊತೆ ಪೈಪೋಟಿ ಇಲ್ಲ.

ನೇರವಾಗಿ ಡೀಸೆಲ್ ಎಂಜಿನ್‌ಗೆ ಹಾಕಿದರೆ ಓಡುತ್ತದಾ? ಓಡುತ್ತದೆ. ಐಐಎಸ್‌ಸಿಯ ಉಡುಪಿ ಶ್ರೀನಿವಾಸ ಅವರ ತಂಡ ಕಗ್ಗನಹಳ್ಳಿಯಲ್ಲಿ ಹೊಂಗೆ ಎಣ್ಣೆಯಿಂದ ಜನರೇಟರ್ ಓಡಿಸಿ, ಬೋರ್‌ವೆಲ್ ನೀರೆತ್ತಿ ತೋರಿಸಿತ್ತು. ಆದರೆ ಇದರ ವಿಸ್ಕಾಸಿಟಿ ಡೀಸೆಲ್‌ಗಿಂತ ಸುಮಾರು ಹತ್ತು ಪಟ್ಟು. ಸ್ಪ್ರೇ ಸರಿಯಾಗಿ ಒಡೆಯಲ್ಲ, ಬರಬರುತ್ತಾ ಇಂಜೆಕ್ಟರ್‌ಗೆ ಕಾರ್ಬನ್ ಕಟ್ಟುತ್ತದೆ. ಅದಕ್ಕೇ ಮೆಥನಾಲ್ ಮತ್ತು ಕ್ಷಾರದ ಜೊತೆ ಸೇರಿಸಿ ಬಯೋಡೀಸೆಲ್ ಮಾಡೋದು. ಹಳೇ ಬೀಜದ ಎಣ್ಣೆಯಾದರೆ ಜೋಪಾನ: ಫ್ರೀ ಫ್ಯಾಟಿ ಆಸಿಡ್ ಜಾಸ್ತಿಯಿದ್ದು ಬಯೋಡೀಸೆಲ್ ಬದಲು ಸೋಪು ಕಟ್ಟುತ್ತದೆ! ಮೊದಲು ಆಮ್ಲದಿಂದ ಒಂದು ಸುತ್ತು ಸಂಸ್ಕರಿಸಬೇಕು.

ಇಷ್ಟನ್ನು ಪ್ರಾಜೆಕ್ಟ್ ರಿಪೋರ್ಟ್‌ನಲ್ಲಿ ಚೆನ್ನಾಗಿ ಬರೀತೀವಿ. ಉಳಿದ 3 ಕೆಜಿ ಹಿಂಡಿ ಮಾತ್ರ 'ಉಪಉತ್ಪನ್ನ' ಅಂತ ಕೊನೇ ಸಾಲಿಗೆ ಹೋಗುತ್ತದೆ. ರೈತರ ಲೆಕ್ಕ ಬೇರೆ. ಅವರಿಗೆ ಹಿಂಡಿಯೇ ಗೊಬ್ಬರ, ಬೇರು ತಿನ್ನುವ ಹುಳುಗಳಿಗೂ ಅದೇ ಮದ್ದು. ಅದರಲ್ಲಿರುವ ಕರಂಜಿನ್ ಮಣ್ಣಿನ ಅಮೋನಿಯಾ ನೈಟ್ರೇಟ್ ಆಗೋದನ್ನು ನಿಧಾನಿಸುತ್ತದೆ. ಹಾಕಿದ ಯೂರಿಯಾ ಮಳೆ ನೀರಲ್ಲಿ ಬೇಗ ಕೊಚ್ಚಿ ಹೋಗಲ್ಲ. ಹೊಂಗೆ ಸೊಪ್ಪನ್ನು ಗದ್ದೆಗೆ ತುಳಿಯೋದು ನಮ್ಮ ಅಜ್ಜಂದಿರ ಕಾಲದ್ದು. ಮರವೂ ದ್ವಿದಳ ಜಾತಿಯದ್ದೇ, ಬೇರಿನ ಗಂಟುಗಳಲ್ಲಿ ಗಾಳಿಯ ನೈಟ್ರೋಜನ್ ಹಿಡಿದಿಡುತ್ತದೆ. ಬದುವಿನ ಒಂದು ಮರ ಕಡಿದರೆ ಹೋಗೋದು ಕೆಲವು ಲೀಟರ್ ಎಣ್ಣೆಯಷ್ಟೇ ಅಲ್ಲ.

ನನ್ನ ಪ್ರಕಾರ ನಿಜವಾದ ತೊಡಕು ಕೆಮಿಸ್ಟ್ರಿಯಲ್ಲಿಲ್ಲ, ಕಾಯಿ ಆಯೋದರಲ್ಲಿದೆ. ಒಣಗಿದ ಸಿಪ್ಪೆ ಗಟ್ಟಿ. ಎಷ್ಟೋ ಕಡೆ ಕೈಯಲ್ಲೇ ಕುಟ್ಟಿ ಬಿಡಿಸುತ್ತಾರೆ. ದಿನವಿಡೀ ಕೂತರೂ ಸಿಗುವ ದುಡ್ಡು ಕೂಲಿಗೆ ಸಮ ಆಗದಿದ್ದರೆ ಕಾಯಿ ಮರದ ಕೆಳಗೇ ಕೊಳೆಯುತ್ತದೆ. ಬೀಜ ಒಡೆಯದೆ ಸಿಪ್ಪೆ ಬಿಡಿಸುವ, ಇಬ್ಬರು ಹೊತ್ತು ಹೊಲಕ್ಕೆ ಒಯ್ಯಬಹುದಾದ, ಕರೆಂಟ್ ಬೇಡದ ಯಂತ್ರ: ಮೆಕ್ಯಾನಿಕಲ್‌ನವರು ಫೈನಲ್ ಇಯರ್ ಟಾಪಿಕ್ ಹುಡುಕುತ್ತಿದ್ದರೆ, ಒಂದು ಚೀಲ ಕಾಯಿ ಆಯ್ದು ತಂದು ಮೊದಲು ಕೈಯಲ್ಲೇ ಬಿಡಿಸಿ ನೋಡಿ.