ಸಹನೆ ಎಂದರೆ ಮೌನವಲ್ಲ

1953ರಲ್ಲಿ ಡಾ. ಟಿ.ಎಂ.ಎ. ಪೈಯವರು ಮಣಿಪಾಲದಲ್ಲಿ ವೈದ್ಯಕೀಯ ಕಾಲೇಜು ಸ್ಥಾಪಿಸಿದರು. ಉಡುಪಿ, ಕಾಪು, ಕಾರ್ಕಳದ ನಮ್ಮ ಮನೆಗಳಲ್ಲಿ ದೊಡ್ಡ ಆಪರೇಶನ್ ಎಂದರೆ ಇಂದಿಗೂ ಮೊದಲು ನೆನಪಾಗುವುದು ಮಣಿಪಾಲವೇ. ಆಪರೇಶನ್ ಮುಗಿಯಿತೆಂಬ ಸುದ್ದಿ ಬಂದೊಡನೆ ಎಲ್ಲರೂ ಅಲ್ಲಾಹನನ್ನು ಸ್ತುತಿಸಿ ನಿಶ್ಚಿಂತರಾಗುತ್ತಾರೆ. ಆದರೆ ಅಪಾಯ ಅಲ್ಲಿಗೇ ಮುಗಿಯುವುದಿಲ್ಲ.

ಕಾಪುವಿನ ನಮ್ಮ ಬಂಧುವೊಬ್ಬರಿಗೆ ಸೊಂಟದ ಎಲುಬಿನ ಶಸ್ತ್ರಚಿಕಿತ್ಸೆಯಾಗಿತ್ತು. ಐದನೆಯ ದಿನ ಒಂದು ಕಾಲಿನ ಮೀನಖಂಡ ಊದಿಕೊಂಡಿತು. "ಸಬ್ರ್ ಮಾಡೋಣ, ಡಾಕ್ಟರರಿಗೇಕೆ ತೊಂದರೆ?" ಎಂದು ಅವರು ಸುಮ್ಮನಿದ್ದರು. ಅಂದು ರಾತ್ರಿಯೇ ಉಸಿರು ಕಟ್ಟಿತು. ಪತ್ನಿ ಓಡಿಹೋಗಿ ನರ್ಸನ್ನು ಕರೆತಂದರು. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತವು ಶ್ವಾಸಕೋಶಕ್ಕೆ ಸರಿದಿತ್ತು. ಆಮ್ಲಜನಕ ನೀಡಿ, ಹೆಪ್ಪು ಬೆಳೆಯದಂತೆ ಹೆಪಾರಿನ್ ಚುಚ್ಚಿದರು. ಅಲ್ಲಾಹನ ಅನುಗ್ರಹದಿಂದ ಅವರು ಬದುಕುಳಿದರು.

ಹ. ಅಯ್ಯೂಬ್(ಅ) ತಮ್ಮ ಸಂಕಟವನ್ನು ಅಲ್ಲಾಹನ ಮುಂದೆ ತೋಡಿಕೊಂಡರು (ಅಲ್ ಅಂಬಿಯಾ: 83). ಆದರೂ ಪವಿತ್ರ ಕುರ್‌ಆನ್ ಅವರನ್ನು ಸಹನಶೀಲರೆಂದೇ ಪ್ರಶಂಸಿಸಿದೆ (ಸ್ವಾದ್: 44). ಹಾಗಿರುವಾಗ ವೈದ್ಯರಿಗೆ ನೋವು ತಿಳಿಸುವುದು ಸಹನೆಗೆ ವಿರುದ್ಧವಾಗುವುದೆಂತು? ಚಿಕಿತ್ಸೆ ಪಡೆಯಿರೆಂದು ಪ್ರವಾದಿವರ್ಯರೇ(ಸ) ಆದೇಶಿಸಿದ್ದಾರೆ.

ಆದುದರಿಂದ ಕಾಲು ಊದಿದರೆ, ಎದೆ ನೋವು ಅಥವಾ ಉಬ್ಬಸ ಬಂದರೆ, ಚಳಿ ಜ್ವರ ಕಾಣಿಸಿದರೆ, ಗಾಯ ಕೀವಾದರೆ ತಕ್ಷಣ ತಿಳಿಸಿರಿ. ವೈದ್ಯರು ನಡೆಯಲು ಹೇಳಿದಾಗ ನೋವಿದ್ದರೂ ಮೆಲ್ಲನೆ ನಡೆಯಿರಿ. ರಕ್ತ ಹೆಪ್ಪುಗಟ್ಟದಿರಲು ಅದು ನೆರವಾಗುತ್ತದೆ. ನಮಾಝನ್ನು ನಿಂತು ಮಾಡಲಾಗದವರು ಕುಳಿತು, ಅದೂ ಆಗದವರು ಮಲಗಿ ಮಾಡಲಿ. ರೋಗಿಯನ್ನು ಸಂದರ್ಶಿಸುವವರು ಬೇಗನೆ ದುಆ ಮಾಡಿ ಹೊರಡಲಿ.

ದೇಹವು ಅಲ್ಲಾಹನು ನಮ್ಮ ಬಳಿ ಇಟ್ಟ ಅಮಾನತ್ತು. ರೋಗಿಗಳೆಲ್ಲರಿಗೂ ಅವನು ಶಮನ ನೀಡಲಿ, ಆಮೀನ್.