ಸಂಘದ ಕೆಲಸ ಮೊಬೈಲಿನಲ್ಲಿ ಹಬ್ಬಲಿ

ಲಾಭದ ಉದ್ದೇಶವಿಲ್ಲದ ರೈತ ಸಂಘಗಳಿಗೆ ಪ್ರಚಾರಕ್ಕೆ ದುಡ್ಡೆಲ್ಲಿದೆ? ಕಿಸೆಯ ಮೊಬೈಲೇ ಸಾಕು ಅಂತ ನನಗೆ ಮನದಟ್ಟಾದದ್ದು 'ಬಾಕಾಹು'ವಿನಿಂದ. ಬಾಕಾಹು ಎಂದರೆ ಬಾಳೆಕಾಯಿ ಹುಡಿ.

2021ರಲ್ಲಿ ಬಾಳೆಗೆ ಬೆಲೆ ಬಿದ್ದಿತ್ತು. ಪತ್ರಕರ್ತ ಶ್ರೀ ಪಡ್ರೆ ಮತ್ತು ಗೆಳೆಯರು ಈ ಹುಡಿಯ ವಿಷಯವನ್ನು ವಾಟ್ಸಾಪಿನಲ್ಲಿ ಹಬ್ಬಿಸಿದರು. ಉತ್ತರ ಕನ್ನಡ, ದಕ್ಷಿಣ ಕನ್ನಡದ ಮಹಿಳೆಯರು ಮನೆಯಲ್ಲೇ ಹುಡಿ ಮಾಡಿ, ಅದರ ದೋಸೆ, ಜಾಮೂನಿನ ಫೋಟೊ ಹಾಕಿದರು. ಆ ಜುಲೈಯ 'ಮನ್ ಕಿ ಬಾತ್'ನಲ್ಲಿ ಪ್ರಧಾನಿಯೂ ಇದನ್ನು ಹೇಳಿದರು.

ನಾನು ಇದರಿಂದ ಕಂಡುಕೊಂಡದ್ದು ಇಷ್ಟು:

1. ಹೆಸರು ಗಿಡ್ಡವಿರಲಿ, ಬಾಯಲ್ಲಿ ನಿಲ್ಲಲಿ.

2. ಕೆಲಸ ತೋರಿಸಿ. ಪದಾಧಿಕಾರಿಗಳ ಹಾರ-ಶಾಲಿನ ಫೋಟೊ ಯಾರಿಗೆ ಬೇಕು? ಕಾಯಿ ಹೆಚ್ಚಿ ಒಣಗಿಸುವುದನ್ನು ತೋರಿಸಿದರೆ ನೋಡಿದವರೂ ಮಾಡಿಯಾರು.

3. ಮಾಡಿದವರ ಅನುಭವ ಅವರ ಮಾತಲ್ಲೇ ಬರಲಿ. ಹುಡಿ ಕಪ್ಪಾದದ್ದನ್ನೂ ಹೇಳಲಿ.

4. ಗುಂಪು ನೋಡಿಕೊಳ್ಳಲು ಇಬ್ಬರಿರಲಿ. ಶುಭೋದಯ, ರಾಜಕೀಯ ಬಂದರೆ ಕೂಡಲೇ ಅಳಿಸಿ. ಇಲ್ಲವಾದರೆ ಉಪಯೋಗದ ಮಾಹಿತಿ ಅಡಿಗೆ ಬೀಳುತ್ತದೆ, ಜನ ಗುಂಪು ಬಿಡುತ್ತಾರೆ.

5. ದೇಣಿಗೆ ಬಂದರೆ ಖರ್ಚಿನ ಲೆಕ್ಕವನ್ನೂ ಅದೇ ಗುಂಪಿನಲ್ಲಿ ಹಾಕಿ. ಒಮ್ಮೆ ನಂಬಿಕೆ ಹೋದರೆ ಸಂಘದ ಹೆಸರೂ ಹೋದಂತೆಯೇ.